ಐಗುಪ್ತದಿಂದ ಹೊರಟವರು ಯಾರು?



ಮಠದ ಮಾಸಪತ್ರಿಕೆಯಲ್ಲಿ ಯೆಹೂದ್ಯರ ಪೂರ್ವಕಥೆಗೆ ಏನು ಕೆಲಸವೆಂದು ತಮ್ಮಲ್ಲಿ ಕೆಲವರು ಸೋಜಿಗಪಡಬಹುದು. ನಾನು ಮಠದ ಪ್ರಸಾದನಿಲಯದಲ್ಲಿ ಅನ್ನವುಂಡು ಓದಿದವನು. ಮುಂದೆ ಮೂರು ದಶಕಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಗೆಳೆಯರೊಬ್ಬರು, "ಇಷ್ಟು ವರ್ಷ ಕಲಿಸಿದಿರಲ್ಲ, ಕಲಿಸಿದ್ದರಲ್ಲಿ ಎಡವಿದ್ದು ಎಲ್ಲಿ?" ಎಂದು ನಗೆಯಾಡುತ್ತ ಕೇಳಿದರು. ಅವರ ನಗೆಯ ಪ್ರಶ್ನೆಗೆ ನನ್ನಲ್ಲಿ ನಗೆಯ ಉತ್ತರವಿರಲಿಲ್ಲ. ಐವತ್ತು ವರ್ಷಗಳಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ಪ್ರಸಂಗವಿದೆ. ಅದನ್ನು ತಮ್ಮ ಮುಂದಿಡಲೆಂದೇ ಈ ಬರವಣಿಗೆ.

1974ನೆಯ ಇಸವಿ. ನನಗಾಗ ಇಪ್ಪತ್ತಾರು ವರ್ಷ. ಬಿ.ಎ. ತರಗತಿಗೆ ಪಶ್ಚಿಮ ಏಷ್ಯದ ಪ್ರಾಚೀನ ಇತಿಹಾಸವನ್ನು ಹೇಳುತ್ತಿದ್ದೆ. ಪಾಠ ಯೆರಿಕೋ ಪಟ್ಟಣಕ್ಕೆ ಬಂದಿತು. ಇಸ್ರಾಯೇಲ್ಯರು ಆರು ದಿನ ದಿನಕ್ಕೊಮ್ಮೆ ಆ ಪಟ್ಟಣವನ್ನು ಸುತ್ತಿದರು. ಏಳನೆಯ ದಿನ ಏಳು ಸಲ ಸುತ್ತಿ, ಕೊಂಬುಗಳನ್ನೂದಿ ಆರ್ಭಟಿಸಲು ಕೋಟೆಯ ಗೋಡೆ ತಾನಾಗಿ ಕುಸಿದು ಬಿದ್ದಿತು ಎಂಬ ಕಥೆಯನ್ನು ಸ್ವಾರಸ್ಯವಾಗಿ ವರ್ಣಿಸಿದೆ. ಆಮೇಲೆ, ಕ್ಯಾಥ್ಲೀನ್ ಕೆನ್ಯನ್ ಎಂಬ ಆಂಗ್ಲ ವಿದುಷಿ 1952ರಿಂದ 1958ರವರೆಗೆ ಆ ದಿಬ್ಬವನ್ನು ಅಗೆಸಿ ನೋಡಿದ್ದನ್ನು ಹೇಳಿ, "ಬೀಳುವುದಕ್ಕೆ ಅಲ್ಲಿ ಗೋಡೆಯೇ ಇರಲಿಲ್ಲ" ಎಂದು ಮುಗಿಸಿದೆ. ತರಗತಿ ಘೊಳ್ಳೆಂದು ನಕ್ಕಿತು, ನಾನೂ ನಕ್ಕೆ. ನಗದಿದ್ದವನು ಒಬ್ಬನೇ. ಅವನು ಕ್ರೈಸ್ತ ಮನೆತನದ ಹುಡುಗ, ಮಿತಭಾಷಿ, ಅಕ್ಷರ ಮುತ್ತಿನಂತೆ. ತರಗತಿ ಮುಗಿದ ಮೇಲೆ ವರಾಂಡದಲ್ಲಿ ನಿಂತಿದ್ದ. "ಸರ್, ನಮ್ಮ ತಂದೆಯವರು ದಿನಾ ರಾತ್ರಿ ಊಟಕ್ಕೆ ಮುಂಚೆ ಸತ್ಯವೇದ ಓದ್ತಾರೆ. ಈ ಭಾಗ ಬಂದಾಗ ನಾನು ಹ್ಯಾಗೆ ಕೂತು ಕೇಳಬೇಕು?" ಎಂದ. "ಕಥೆ ಅಂತ ಕೇಳಪ್ಪ" ಎಂದು ಹೇಳಿ, ಹಾಜರಿ ಪುಸ್ತಕವನ್ನು ಬಗಲಿಗೇರಿಸಿಕೊಂಡು ಹೊರಟುಹೋದೆ. ಅನಂತರ ಪದವಿ ಮುಗಿಸುವವರೆಗೂ ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ತರಗತಿಯಲ್ಲಿ ಹೇಳಿದ ಸಂಗತಿ ಸರಿಯಾಗಿಯೇ ಇತ್ತು. ಆ ಹುಡುಗನ ಪ್ರಶ್ನೆಯನ್ನು ಮಾತ್ರ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮೊದಲು ಕಥೆಯ ಹಂದರವನ್ನು ಹೇಳಿಬಿಡುತ್ತೇನೆ, ಎಲ್ಲರಿಗೂ ಪರಿಚಯವಿರಲಾರದು. ಅಬ್ರಹಾಮನೆಂಬ ಕುಲಪಿತನು ದೇವರ ಕರೆಯನ್ನು ಕೇಳಿ ಮೆಸೊಪೊಟೇಮಿಯವನ್ನು ಬಿಟ್ಟು ಕಾನಾನ್ ದೇಶಕ್ಕೆ ಬಂದನು. ಅವನ ಮಗ ಇಸಾಕ, ಇಸಾಕನ ಮಗ ಯಾಕೋಬ. ಯಾಕೋಬನ ಹನ್ನೆರಡು ಮಕ್ಕಳೇ ಹನ್ನೆರಡು ಕುಲಗಳ ಮೂಲಪುರುಷರು. ಬರಗಾಲದಲ್ಲಿ ಇವರ ಪರಿವಾರವೆಲ್ಲ ಐಗುಪ್ತಕ್ಕೆ, ಎಂದರೆ ಈಜಿಪ್ಟಿಗೆ, ವಲಸೆ ಹೋಗಿ ಅಲ್ಲಿ ಬೆಳೆಯಿತು. ಕಾಲಾಂತರದಲ್ಲಿ ಫರೋಹನೆಂಬ ಅರಸನು ಅವರನ್ನು ಬಿಟ್ಟಿ ಆಳುಗಳನ್ನಾಗಿ ಮಾಡಿ, ಇಟ್ಟಿಗೆ ಮಾಡಿಸಿ, ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣ ಪಟ್ಟಣಗಳನ್ನು ಕಟ್ಟಿಸಿಕೊಂಡನು. ಮೋಶೆಯು ಅವರನ್ನು ಬಿಡಿಸಿ, ಸಮುದ್ರವನ್ನು ದಾಟಿಸಿ, ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರವನ್ನು ಕೊಡಿಸಿದನು. ನಲವತ್ತು ವರ್ಷ ಅರಣ್ಯದಲ್ಲಿ ಅಲೆದ ಮೇಲೆ ಯೆಹೋಶುವನು ಅವರನ್ನು ಕಾನಾನಿಗೆ ಕರೆತಂದು ಆ ದೇಶವನ್ನು ಗೆದ್ದುಕೊಟ್ಟನು. ಕನ್ನಡ ಸತ್ಯವೇದದ ಆದಿಕಾಂಡದಿಂದ ಯೆಹೋಶುವನ ಗ್ರಂಥದವರೆಗೆ ಇದೇ ಕಥೆ ಹರಡಿದೆ.

ಈಗ ಭೂಮಿಯೊಳಗಿನ ಸಾಕ್ಷ್ಯವನ್ನು ನೋಡೋಣ. ಯೆರಿಕೋವಿನ ಮಾತನ್ನೇ ಪೂರ್ತಿಗೊಳಿಸುತ್ತೇನೆ, ಏಕೆಂದರೆ ಅದರಲ್ಲಿ ನಮ್ಮಂಥ ಇತಿಹಾಸದವರಿಗೂ ಒಂದು ಪಾಠವಿದೆ. ಕೆನ್ಯನ್ನರಿಗಿಂತ ಮುಂಚೆ, 1930ರಿಂದ 1936ರವರೆಗೆ, ಜಾನ್ ಗಾರ್ಸ್ಟಾಂಗ್ ಎಂಬ ವಿದ್ವಾಂಸರು ಅಲ್ಲಿ ಅಗೆದಿದ್ದರು. ಬಿದ್ದ ಗೋಡೆ ಸಿಕ್ಕಿತು, ಸುಟ್ಟ ಕುರುಹು ಸಿಕ್ಕಿತು. ಐಗುಪ್ತದಿಂದ ಹೊರಟ 480ನೆಯ ವರ್ಷದಲ್ಲಿ ಸೊಲೊಮೋನನು ದೇವಾಲಯ ಕಟ್ಟಲಾರಂಭಿಸಿದನೆಂದು ಅರಸುಗಳ ಗ್ರಂಥ ಹೇಳುತ್ತದೆ. ಆ ಲೆಕ್ಕ ಹಿಡಿದರೆ ಯೆಹೋಶುವನ ಕಾಲ ಸುಮಾರು ಕ್ರಿ.ಪೂ. 1400 ಆಗುತ್ತದೆ. ಗಾರ್ಸ್ಟಾಂಗರು ತಮಗೆ ಸಿಕ್ಕ ಗೋಡೆ ಅದೇ ಕಾಲದ್ದೆಂದು ಸಾರಿದರು. ಕೆನ್ಯನ್ನರು ಮಣ್ಣಿನ ಪದರಗಳನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸಿ ಪರೀಕ್ಷಿಸಿದಾಗ, ಆ ಗೋಡೆ ಅದಕ್ಕೂ ಸುಮಾರು ಸಾವಿರ ವರ್ಷ ಹಿಂದಿನದೆಂದೂ, ಅದಾದ ಮೇಲಿನ ಪಟ್ಟಣ ಕ್ರಿ.ಪೂ. 1550ರ ಸುಮಾರಿಗೆ ನಾಶವಾಯಿತೆಂದೂ, ಯೆಹೋಶುವನಿಗೆ ಸಲ್ಲಬಹುದಾದ ಕಾಲದಲ್ಲಿ ಅಲ್ಲಿ ಕೋಟೆಯಿದ್ದ ಪಟ್ಟಣವೇ ಇರಲಿಲ್ಲವೆಂದೂ ತಿಳಿದುಬಂತು. ನೋಡಬೇಕೆಂದುಕೊಂಡದ್ದನ್ನೇ ಗಾರ್ಸ್ಟಾಂಗರು ನೋಡಿದ್ದರು. ಅವರೇನೂ ಅಪ್ರಾಮಾಣಿಕರಲ್ಲ. ಪ್ರಾಮಾಣಿಕರಾದವರಿಗೂ ಹೀಗಾಗುತ್ತದೆ.

ಯೆರಿಕೋ ಆದ ಮೇಲೆ ಯೆಹೋಶುವನು ಗೆದ್ದ ಪಟ್ಟಣದ ಹೆಸರು ಆಯಿ. (ನಮ್ಮ ಧಾರವಾಡದ ಕಡೆ ಅಜ್ಜಿಯನ್ನು ಆಯಿ ಎಂದೇ ಕರೆಯುತ್ತೇವೆ, ಸತ್ಯವೇದದಲ್ಲಿ ಆ ಹೆಸರನ್ನು ಕಂಡಾಗಲೆಲ್ಲ ನನಗೆ ನಮ್ಮ ಆಯಿಯ ನೆನಪಾಗುತ್ತದೆ. ಆಕೆಯ ಮಾತು ಮುಂದೆ ಬರುತ್ತದೆ.) ಹೀಬ್ರೂ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಹಾಳುದಿಬ್ಬ. ಆಯಿಯೆಂದು ಗುರುತಿಸಲಾಗಿರುವ ದಿಬ್ಬವನ್ನು 1933ರಿಂದ 1935ರವರೆಗೆ ಜೂಡಿತ್ ಮಾರ್ಕೆ-ಕ್ರೌಸ್ ಎಂಬ ತರುಣಿ ಅಗೆಸಿದಾಗ, ಯೆಹೋಶುವನ ಕಾಲಕ್ಕೆ ಸಾವಿರ ವರ್ಷ ಮೊದಲೇ ಅದು ಪಾಳುಬಿದ್ದಿತ್ತೆಂದು ಗೊತ್ತಾಯಿತು. ಪಾಳುಬಿದ್ದ ದೊಡ್ಡ ಕೋಟೆಯನ್ನು ಕಂಡ ನೆರೆಯ ಹಳ್ಳಿಗರು, ಇದನ್ನು ಹಾಳು ಮಾಡಿದವರಾರೆಂದು ಕೇಳುವ ಮಕ್ಕಳಿಗೆ, ನಮ್ಮ ಹಿರಿಯರೇ ಎಂದು ಹೇಳಿರಬೇಕು. ಊರೂರಿನ ಸ್ಥಳಪುರಾಣಗಳನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಾದ ದಾರಿಯಲ್ಲ. ಹಾಗೆಂದು ಎಲ್ಲ ಪಟ್ಟಣಗಳ ಕಥೆಯೂ ಒಂದೇ ಅಲ್ಲ. ಯಿಗಾಯೆಲ್ ಯಾದೀನರು 1955ರಿಂದ ಅಗೆಸಿದ ಹಾಚೋರ್ ಪಟ್ಟಣ ಕ್ರಿ.ಪೂ. 13ನೆಯ ಶತಮಾನದಲ್ಲಿ ಘೋರವಾದ ಬೆಂಕಿಗೆ ಆಹುತಿಯಾದದ್ದು ನಿಜ. ಹಚ್ಚಿದವರು ಯಾರೆಂಬುದು ಇಂದಿಗೂ ವಿವಾದದಲ್ಲಿದೆ.

ಇನ್ನು ನಿರ್ಗಮನದ ವಿಚಾರ. ಕಾಲ್ನಡೆಯಾಗಿ ಹೊರಟ ಗಂಡಸರೇ ಆರು ಲಕ್ಷವೆಂದು ವಿಮೋಚನಕಾಂಡ ಹೇಳುತ್ತದೆ. ಅರಣ್ಯಕಾಂಡದ ಜನಗಣತಿಯಲ್ಲಿ ಅದು 6,03,550. ಹೆಂಗಸರು ಮಕ್ಕಳನ್ನು ಸೇರಿಸಿದರೆ ಇಪ್ಪತ್ತು ಲಕ್ಷ ಮೀರುತ್ತದೆ. ಇಷ್ಟು ಜನ ನಲವತ್ತು ವರ್ಷ ಮರುಭೂಮಿಯಲ್ಲಿದ್ದರೆ ಒಲೆಯ ಬೂದಿ, ಒಡೆದ ಗಡಿಗೆ, ಗೋರಿ ಏನಾದರೂ ಉಳಿಯಬೇಕಲ್ಲವೆ? ಅವರು ಬಹುಕಾಲ ತಂಗಿದ್ದರೆನ್ನಲಾದ ಕಾದೇಶ್ ಬರ್ನೇಯದ ದಿಬ್ಬದಲ್ಲಿ ಆ ಕಾಲದ ಊರಿನ ಕುರುಹಿಲ್ಲ. ಐಗುಪ್ತದ ಬರಹಗಳಲ್ಲಿಯೂ ಇಂಥ ಮಹಾನಿರ್ಗಮನದ ಉಲ್ಲೇಖವಿಲ್ಲ. ಸೋಲನ್ನು ಕಲ್ಲಿನಲ್ಲಿ ಕೆತ್ತಿಸುವ ಅರಸರು ಎಲ್ಲಿಯೂ ವಿರಳವೆಂಬುದನ್ನೂ ಇಲ್ಲಿ ನೆನೆಯಬೇಕು. ಇವೆಲ್ಲಕ್ಕಿಂತ ನನಗೆ ತೂಕವಾಗಿ ತೋರುವುದು ಬೇರೊಂದು ಸಂಗತಿ. ಕ್ರಿ.ಪೂ. 15ರಿಂದ 12ನೆಯ ಶತಮಾನದವರೆಗೆ ಕಾನಾನ್ ದೇಶವೇ ಐಗುಪ್ತದ ಆಳ್ವಿಕೆಯಲ್ಲಿತ್ತು. ಅಲ್ಲಿ ಐಗುಪ್ತದ ಠಾಣ್ಯಗಳಿದ್ದವು, ಅಧಿಕಾರಿಗಳಿದ್ದರು, ಕಪ್ಪ ವಸೂಲಾಗುತ್ತಿತ್ತು. ಐಗುಪ್ತದಿಂದ ತಪ್ಪಿಸಿಕೊಂಡು ಕಾನಾನಿಗೆ ಓಡಿದವರು ಫರೋಹನ ಒಂದು ಕೈಯಿಂದ ಬಿಡಿಸಿಕೊಂಡು ಅವನ ಇನ್ನೊಂದು ಕೈಗೆ ಬಂದಂತಾಗುತ್ತಿತ್ತು. ಈ ಸಂಗತಿ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಬರೆದವರು ಆ ಕಾಲಕ್ಕೆ ಬಹುದೂರದವರೆಂದು ಇದರಿಂದಲೇ ಊಹಿಸಬಹುದು. ಕುಲಪಿತರ ಕಥೆಗಳಲ್ಲಿ ಬರುವ ಒಂಟೆಗಳ ಸಾಲು, ಆ ಕಾಲಕ್ಕಿನ್ನೂ ಕರಾವಳಿಗೆ ಬಂದು ನೆಲಸದಿದ್ದ ಫಿಲಿಷ್ಟಿಯರ ಹೆಸರು, ಇವೂ ಹೀಗೆಯೇ ಆಮೇಲಿನ ಕಾಲವನ್ನು ಸೂಚಿಸುತ್ತವೆ.

ಹಾಗಾದರೆ ಇಸ್ರಾಯೇಲ್ಯರು ಎಲ್ಲಿಂದ ಬಂದರು? 1896ರಲ್ಲಿ ಫ್ಲಿಂಡರ್ಸ್ ಪೆಟ್ರಿಯವರಿಗೆ ಥೀಬ್ಸ್ ನಗರದಲ್ಲಿ ದೊರೆತ ಮೆರ್ನೆಪ್ತಾ ಅರಸನ ಶಿಲಾಶಾಸನದಲ್ಲಿ ಇಸ್ರಾಯೇಲ್ ಎಂಬ ಹೆಸರು ಮೊತ್ತಮೊದಲು ಕಾಣುತ್ತದೆ. ಅದರ ಕಾಲ ಸುಮಾರು ಕ್ರಿ.ಪೂ. 1208. ನೆರೆಯ ಪಟ್ಟಣಗಳ ಹೆಸರಿನ ಮುಂದೆ ನಾಡನ್ನು ಸೂಚಿಸುವ ಚಿಹ್ನೆಯಿದ್ದರೆ, ಇಸ್ರಾಯೇಲಿನ ಮುಂದೆ ಇರುವುದು ಜನಸಮೂಹವನ್ನು ಸೂಚಿಸುವ ಚಿಹ್ನೆ. ಆ ಜನವನ್ನು ನಿರ್ಮೂಲ ಮಾಡಿದೆನೆಂದು ಅರಸನು ಕೊಚ್ಚಿಕೊಂಡಿದ್ದಾನೆ. ಶಾಸನಗಳ ಉತ್ಪ್ರೇಕ್ಷೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅದೇ ಕಾಲದ ಆಸುಪಾಸಿನಲ್ಲಿ ಕಾನಾನಿನ ನಡುಗುಡ್ಡಗಳಲ್ಲಿ ಸುಮಾರು 250 ಹೊಸ ಹಳ್ಳಿಗಳು ಹುಟ್ಟಿಕೊಂಡವು. ಇಸ್ರಾಯೇಲಿನ ಫಿಂಕೆಲ್‌ಸ್ಟೈನ್ ಮೊದಲಾದವರು ಗುಡ್ಡ ಗುಡ್ಡ ನಡೆದು ಇವನ್ನು ಗುರುತಿಸಿದರು. ಕೋಟೆಯಿಲ್ಲ, ಅರಮನೆಯಿಲ್ಲ, ಮಳೆನೀರಿನ ತೊಟ್ಟಿ, ಧಾನ್ಯದ ಹಗೇವು, ಮೆಟ್ಟಿಲುಗದ್ದೆ, ಕುರಿಗಳ ಕೊಟ್ಟಿಗೆ. ಮಣ್ಣಿನ ಪಾತ್ರೆಗಳು ಕಾನಾನ್ಯರ ಪಾತ್ರೆಗಳದೇ ಮುಂದುವರಿಕೆ. ಹೊರಗಿನಿಂದ ಒಮ್ಮೆಲೆ ಬಂದ ಬೇರೊಂದು ಜನಾಂಗದ ಗುರುತು ಕಾಣುವುದಿಲ್ಲ. ಕರಾವಳಿಯ ಫಿಲಿಷ್ಟಿಯರ ಪಟ್ಟಣಗಳ ತಿಪ್ಪೆಗಳಲ್ಲಿ ಹಂದಿಯ ಎಲುಬು ಯಥೇಚ್ಛವಾಗಿರುವಾಗ ಈ ಗುಡ್ಡದ ಹಳ್ಳಿಗಳಲ್ಲಿ ಅದು ಬಹುಮಟ್ಟಿಗೆ ಇಲ್ಲ. ಎಂದರೆ ಇಸ್ರಾಯೇಲ್ಯರಲ್ಲಿ ಬಹುಪಾಲು ಜನ ಕಾನಾನಿನವರೇ. ಕುಸಿಯುತ್ತಿದ್ದ ಪಟ್ಟಣಗಳಿಂದಲೂ ಮೇವಿನ ಬಯಲುಗಳಿಂದಲೂ ಗುಡ್ಡಕ್ಕೆ ಬಂದು ನೆಲಸಿದ ಬಡ ಒಕ್ಕಲಿಗರು ಮತ್ತು ಕುರಿಗಾರರು.

ಇಲ್ಲೊಂದು ಸಮಾಧಾನವಿದೆ. ಯೆರಿಕೋವಿನಲ್ಲಿ ಗಂಡಸರು ಹೆಂಗಸರು ಹಸುಳೆ ಮುದುಕರೆನ್ನದೆ ಎಲ್ಲರನ್ನೂ ಕತ್ತಿಗೆ ಗುರಿಮಾಡಿದರೆಂದು ಕಥೆ ಹೇಳುತ್ತದೆ. ಆ ಹತ್ಯೆ ನಡೆಯಲಿಲ್ಲವೆಂದು ಗುದ್ದಲಿ ಹೇಳಿದರೆ ಯಾವ ಭಕ್ತನು ಮರುಗಬೇಕು? ಆದರೆ ಆ ಕಥೆಯನ್ನು ಆಧಾರವಾಗಿಟ್ಟುಕೊಂಡು ಮುಂದಿನ ಶತಮಾನಗಳಲ್ಲಿ ಬೇರೆ ಬೇರೆ ಖಂಡಗಳಲ್ಲಿ ಅನ್ಯರ ನೆಲವನ್ನು ಕಸಿದುಕೊಂಡವರಿದ್ದಾರೆ. ನಡೆಯದ ಸಂಗತಿಯೂ ಹೀಗೆ ನೆತ್ತರು ಹರಿಸಬಲ್ಲದಾದ್ದರಿಂದ, ನಡೆಯಿತೆ ಇಲ್ಲವೆ ಎಂದು ಕೇಳುವುದು ಕೇವಲ ಪಂಡಿತರ ಚಪಲವೆಂದು ನಾನು ಭಾವಿಸಲಾರೆ.

1974ರಲ್ಲಿ ನನ್ನ ತಿಳಿವಳಿಕೆ ಹೆಚ್ಚು ಕಡಿಮೆ ಇಲ್ಲಿಗೆ ನಿಲ್ಲುತ್ತಿತ್ತು. ಇದರಲ್ಲಿ ಅರ್ಧವೂ ಆಗ ಗೊತ್ತಿರಲಿಲ್ಲವೆನ್ನಿ. ಮುಂದೆ ಓದುತ್ತ ಹೋದಂತೆ ತಕ್ಕಡಿಯ ಇನ್ನೊಂದು ತಟ್ಟೆಯೂ ಬರಿದಲ್ಲವೆಂದು ತಿಳಿಯಿತು. ರಾಮ್ಸೇಸ್ ಎಂಬ ಪಟ್ಟಣ ಕಲ್ಪನೆಯದಲ್ಲ. ಕ್ರಿ.ಪೂ. 1279ರಿಂದ 1213ರವರೆಗೆ ಆಳಿದ ಎರಡನೆಯ ರಾಮ್ಸೇಸನು ನೈಲ್ ನದಿಯ ಮುಖಜಭೂಮಿಯಲ್ಲಿ ಅದನ್ನು ಭವ್ಯವಾಗಿ ಕಟ್ಟಿಸಿದನು. ಕೆಲವೇ ಶತಮಾನಗಳಲ್ಲಿ ಅದು ಪಾಳುಬಿದ್ದಿತು. ಆ ಪ್ರದೇಶದಲ್ಲಿ ಕಾನಾನಿನ ಕಡೆಯಿಂದ ಬಂದ ಜನ ಬಹುಕಾಲ ವಾಸವಾಗಿದ್ದರೆಂಬುದನ್ನು ಆಸ್ಟ್ರಿಯದ ಮಾನ್‌ಫ್ರೆಡ್ ಬೀಟಾಕರ ಉತ್ಖನನಗಳು ತೋರಿಸಿವೆ. ಪರದೇಶದ ಸೆರೆಯಾಳುಗಳು ಇಟ್ಟಿಗೆ ಮಾಡುತ್ತಿರುವ ಚಿತ್ರ ಕ್ರಿ.ಪೂ. 15ನೆಯ ಶತಮಾನದ ರೆಖ್ಮಿರೆ ಎಂಬ ಮಂತ್ರಿಯ ಸಮಾಧಿಯ ಗೋಡೆಯ ಮೇಲಿದೆ. ಮೋಶೆ ಎಂಬ ಹೆಸರಂತೂ ಐಗುಪ್ತದ್ದೇ. ತುತ್ಮೋಸ್, ರಾಮ್ಸೇಸ್ ಎಂಬ ಹೆಸರುಗಳ ಕೊನೆಯಲ್ಲಿ ಬರುವ, ಹುಟ್ಟಿದವನೆಂಬ ಅರ್ಥದ ಶಬ್ದವೇ ಅದು. ಆ ಅರ್ಥ ಮರೆತುಹೋದ ಮೇಲೆ, ನೀರಿನಿಂದ ಎಳೆದುಕೊಂಡದ್ದರಿಂದ ಮೋಶೆ ಎಂದು ಹೀಬ್ರೂವಿನಲ್ಲಿ ವ್ಯುತ್ಪತ್ತಿ ಹೇಳಿದರು. ಜೊಂಡಿನ ಪೆಟ್ಟಿಗೆಗೆ ರಾಳ ಬಳಿದು ಕೂಸನ್ನು ಹೊಳೆಗೆ ಬಿಟ್ಟ ಕಥೆ ಅಕ್ಕಾದದ ಸಾರ್ಗೋನನಿಗೂ ಇದೆ. ನಮ್ಮ ಕರ್ಣನ ಕಥೆಯನ್ನು ನಾನು ನೆನಪಿಸಬೇಕಾಗಿಲ್ಲ. ಕಥೆ ಊರಿಂದೂರಿಗೆ ಸಂಚರಿಸುತ್ತದೆ. ಆದರೆ ತಮ್ಮನ್ನು ಬಿಡಿಸಿದ ಮಹಾಪುರುಷನಿಗೆ ತಮ್ಮನ್ನು ಪೀಡಿಸಿದವರ ಭಾಷೆಯ ಹೆಸರನ್ನು ಯಾರೂ ಬೇಕೆಂದು ಕಲ್ಪಿಸಲಾರರು. ಪೌರೋಹಿತ್ಯದ ಲೇವಿ ಕುಲದವರಲ್ಲಿ ಫೀನೆಹಾಸ ಮೊದಲಾದ ಇನ್ನೂ ಕೆಲವು ಹೆಸರುಗಳು ಐಗುಪ್ತದವೇ. ಆದ್ದರಿಂದ ರಿಚರ್ಡ್ ಎಲಿಯಟ್ ಫ್ರೀಡ್‌ಮನ್ನರು 2017ರ ತಮ್ಮ ಗ್ರಂಥದಲ್ಲಿ, ಐಗುಪ್ತದಿಂದ ಹೊರಟುಬಂದದ್ದು ಲೇವಿಯರ ಒಂದು ಸಣ್ಣ ಗುಂಪು, ಅವರು ಗುಡ್ಡದ ಹಳ್ಳಿಗರೊಡನೆ ಬೆರೆತ ಮೇಲೆ ಅವರ ಅನುಭವವೇ ಎಲ್ಲರ ಕಥೆಯಾಯಿತು ಎಂದು ವಾದಿಸಿದ್ದಾರೆ. ಇದು ಸಿದ್ಧವಾದ ಸಂಗತಿಯಲ್ಲ, ಊಹೆ. ಆದರೆ ಕೈಯಲ್ಲಿರುವ ಸಾಕ್ಷ್ಯದೊಡನೆ ಜಗಳವಾಡದ ಊಹೆ.

ಸಾಕ್ಷ್ಯವಿಲ್ಲವೆಂಬ ಮಾತನ್ನು ಎಷ್ಟು ಎಚ್ಚರದಿಂದ ಆಡಬೇಕೆಂಬುದನ್ನು ದಾವೀದ ಅರಸನು ಕಲಿಸಿದನು. ಅವನೂ ಕಟ್ಟುಕಥೆಯೆಂದು ಕೆಲವು ವಿದ್ವಾಂಸರು ಹೇಳತೊಡಗಿದ್ದ ಕಾಲದಲ್ಲಿ, 1993ರಲ್ಲಿ, ಉತ್ತರದ ದಾನ್ ಎಂಬಲ್ಲಿ ಅವ್ರಹಾಮ್ ಬಿರಾನರ ಉತ್ಖನನದಲ್ಲಿ ಒಂದು ಒಡೆದ ಶಾಸನ ದೊರೆಯಿತು. ಅದು ಕ್ರಿ.ಪೂ. 9ನೆಯ ಶತಮಾನದ್ದು, ಶತ್ರುರಾಜನೊಬ್ಬನು ಬರೆಸಿದ್ದು. ಅದರಲ್ಲಿ ದಾವೀದನ ಮನೆತನವೆಂಬ ಮಾತಿದೆಯೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಇದರಿಂದ ಸೊಲೊಮೋನನ ವೈಭವವೆಲ್ಲ ನಿಜವೆಂದು ಸಿದ್ಧವಾಗುವುದಿಲ್ಲ, ಮೂಲಪುರುಷನೊಬ್ಬನಿದ್ದನೆಂದಷ್ಟೇ ತಿಳಿಯುತ್ತದೆ. ಹಾಗೆಂದು ನಾಳೆ ಯೆರಿಕೋವಿನ ಗೋಡೆಯೂ ಸಿಕ್ಕೀತೆಂದು ಕಾದು ಕುಳಿತುಕೊಳ್ಳುವುದು ಬೇರೆ ಮಾತು. ದಾನಿನ ಶಾಸನ ಯಾರೂ ಅಗೆಯದ ನೆಲದಲ್ಲಿತ್ತು. ಯೆರಿಕೋ ಮತ್ತು ಆಯಿಗಳನ್ನು ಬುಡದವರೆಗೂ ಅಗೆದು ನೋಡಿದ್ದಾಗಿದೆ. ಹುಡುಕದೆ ಇಲ್ಲವೆನ್ನುವುದೂ ಹುಡುಕಿ ಇಲ್ಲವೆನ್ನುವುದೂ ಒಂದೇ ತೂಕದವಲ್ಲ.

ನಮ್ಮ ದೇಶದಲ್ಲಿಯೇ ಇದಕ್ಕೊಂದು ಸಣ್ಣ ನಿದರ್ಶನವಿದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ನಾನು 1983ರಲ್ಲಿ ವಿದ್ಯಾರ್ಥಿಗಳೊಡನೆ ನೋಡಿದೆ. ನೆಲಕ್ಕೆ ನೀಲಿ ಬಿಳಿಯ ಚೀನೀ ಬಿಲ್ಲೆಗಳು, ಮೇಲೆ ತೂಗುವ ಗಾಜಿನ ದೀಪಗಳು. ಆ ಸಮುದಾಯದ ಬಹುಪಾಲು ಜನ ಆ ವೇಳೆಗಾಗಲೇ ಇಸ್ರಾಯೇಲಿಗೆ ಹೋಗಿಬಿಟ್ಟಿದ್ದರು. ಭಾಸ್ಕರ ರವಿವರ್ಮ ಅರಸನು ಜೋಸೆಫ್ ರಬ್ಬಾನನಿಗೆ ಎಪ್ಪತ್ತೆರಡು ಹಕ್ಕುಗಳನ್ನು ದಯಪಾಲಿಸಿದ ತಾಮ್ರಪಟ ಅವರ ಅಮೂಲ್ಯ ನಿಧಿ. ಅದು ಕ್ರಿ.ಶ. 379ರದೆಂಬುದು ಅವರ ಪರಂಪರೆಯ ನಂಬಿಕೆ. ಲಿಪಿಯನ್ನೂ ಅರಸನ ಕಾಲವನ್ನೂ ಪರಿಶೀಲಿಸಿದ ವಿದ್ವಾಂಸರು ಅದನ್ನು ಕ್ರಿ.ಶ. 1000ದ ಸುಮಾರಿಗೆ ತಂದು ನಿಲ್ಲಿಸಿದ್ದಾರೆ. ಆರುನೂರು ವರ್ಷ ಕಡಿಮೆಯಾಯಿತು ನಿಜ. ಆದರೆ ಹಲ್ಲಕ್ಕಿ, ಹಗಲುದೀವಟಿಗೆ, ಕೊಡೆ, ಕಹಳೆಗಳ ಗೌರವವನ್ನು ಪರದೇಶದಿಂದ ಬಂದವನೊಬ್ಬನಿಗೆ ಇಲ್ಲಿಯ ಅರಸನು ಸಲ್ಲಿಸಿದನೆಂಬ ಸಂಗತಿ ತಾಮ್ರದ ಮೇಲೆ ಹಾಗೆಯೇ ಉಳಿದಿದೆ.

ಪರಂಪರೆಯವರು ಕಣ್ಣುಮುಚ್ಚಿ ನಂಬಿದರೆಂದೂ ನಾವೀಗ ಕಣ್ಣು ತೆರೆಸಿದೆವೆಂದೂ ಭಾವಿಸುವುದು ನಮ್ಮ ವೃತ್ತಿಯವರಿಗೆ ಅಂಟಿದ ಜಾಡ್ಯ. ಧರ್ಮೋಪದೇಶಕಾಂಡದ ಕೊನೆಯಲ್ಲಿ ಮೋಶೆಯ ಮರಣವೂ ವರ್ಣಿತವಾಗಿದೆ. ತನ್ನ ಮರಣವನ್ನು ತಾನೇ ಹೇಗೆ ಬರೆದನೆಂದು ತಾಲ್ಮುದಿನ ಆಚಾರ್ಯರು ಆಗಲೇ ಕೇಳಿಕೊಂಡಿದ್ದರು. ಕೊನೆಯ ಎಂಟು ವಚನಗಳನ್ನು ಬರೆದವನು ಯೆಹೋಶುವನೆಂದು ಒಬ್ಬರ ಮತ. ದೇವರು ಹೇಳುತ್ತ ಹೋದಂತೆ ಮೋಶೆಯೇ ಕಣ್ಣೀರಿಡುತ್ತ ಬರೆದನೆಂದು ಇನ್ನೊಬ್ಬರ ಮತ. ಎರಡನೆಯದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ನಮ್ಮ ಬಸವಣ್ಣನವರ ಶತಮಾನದಲ್ಲಿಯೇ ಸ್ಪೇನಿನಲ್ಲಿದ್ದ ಇಬ್ನ್ ಎಜ್ರಾ, ಗ್ರಂಥದ ಕೆಲವು ವಾಕ್ಯಗಳು ಮೋಶೆಯ ಕಾಲದವಾಗಿರಲಾರವೆಂದು ಮುಸುಕು ಮಾತಿನಲ್ಲಿ ಸೂಚಿಸಿ, ತಿಳಿದವನು ಸುಮ್ಮನಿರಲೆಂದನು. ಅವನ ಮುಸುಕನ್ನು ತೆಗೆದು ಬಹಿರಂಗವಾಗಿ ಬರೆದವನು ಸ್ಪಿನೋಜಾ, 1670ರಲ್ಲಿ. 1656ರಲ್ಲಿಯೇ ಆಮ್ಸ್ಟರ್‌ಡಾಮಿನ ಸಮುದಾಯ ಅವನನ್ನು ಬಹಿಷ್ಕರಿಸಿತ್ತು. ನಮ್ಮ ಕಾಲಕ್ಕೆ ಬಂದರೆ, 2001ರ ಪಸ್ಕ ಹಬ್ಬದಲ್ಲಿ ಲಾಸ್ ಏಂಜಲಿಸ್ ನಗರದ ಡೇವಿಡ್ ವೋಲ್ಪ್ ಎಂಬ ಧರ್ಮಗುರುಗಳು, ನಿರ್ಗಮನವು ಗ್ರಂಥದಲ್ಲಿ ಹೇಳಿರುವಂತೆ ನಡೆಯಲಿಲ್ಲವೆಂಬುದೇ ಇಂದಿನ ಪುರಾತತ್ತ್ವಜ್ಞರ ಒಮ್ಮತವೆಂದು ತಮ್ಮ ಸಭೆಯ ಮುಂದೆಯೇ ಹೇಳಿದರು. ದೊಡ್ಡ ಗದ್ದಲವಾಯಿತು. ಗದ್ದಲದ ನಡುವೆಯೂ ಅವರು ಪೀಠ ಬಿಡಲಿಲ್ಲ, ಹಬ್ಬವೂ ನಿಲ್ಲಲಿಲ್ಲ. ತಮ್ಮವರ ಮುಂದೆ ನಿಂತು, ಅವರೊಡನೆ ಅದೇ ಹಬ್ಬದೂಟಕ್ಕೆ ಕುಳಿತುಕೊಳ್ಳುವವರಾಗಿ ಅವರು ಆ ಮಾತನ್ನಾಡಿದರು. ನಾನು ಇತರರ ಕಥೆಯ ಮೇಲೆ ನಗೆಯೆಬ್ಬಿಸಿ ಚಹ ಕುಡಿಯಲು ಹೋಗಿದ್ದೆ.

ಇನ್ನೊಂದು ಪತ್ರದ ವಿಚಾರ ಹೇಳಲೇಬೇಕು. ಅದೇ 12ನೆಯ ಶತಮಾನದ ಮಹಾಪಂಡಿತ ಮೈಮೊನಿಡೀಸನಿಗೆ, ಯೆಹೂದ್ಯ ಮತಕ್ಕೆ ಹೊಸದಾಗಿ ಸೇರಿದ ಓಬದ್ಯನೆಂಬವನು ಒಂದು ಸಂದೇಹವನ್ನು ಬರೆದು ಕಳಿಸಿದನು. ಪ್ರಾರ್ಥನೆಯಲ್ಲಿ ನಮ್ಮ ಪಿತೃಗಳ ದೇವರೆಂದೂ ನಮ್ಮನ್ನು ಐಗುಪ್ತದಿಂದ ಬಿಡಿಸಿದವನೆಂದೂ ಹೇಳಬೇಕಾಗುತ್ತದೆ. ನನ್ನ ಪಿತೃಗಳು ಅವರಲ್ಲ, ನನ್ನವರಾರೂ ಐಗುಪ್ತದಲ್ಲಿರಲಿಲ್ಲ, ನಾನು ಹೇಗೆ ಹೇಳಲಿ? ಮೈಮೊನಿಡೀಸನು ಅವನಿಗೆ, ಎಲ್ಲವನ್ನೂ ಇತರರಂತೆಯೇ ಹೇಳು, ಅಬ್ರಹಾಮನ ಮಾರ್ಗವನ್ನು ಹಿಡಿದವರೆಲ್ಲ ಅಬ್ರಹಾಮನ ಮಕ್ಕಳೇ ಎಂದು ಧೈರ್ಯ ಹೇಳಿದನು. ಐಗುಪ್ತದ ಮಾತನ್ನು ಮಾತ್ರ ಬೇಕಾದರೆ ಬದಲಿಸಿಕೊಳ್ಳಬಹುದು, ಬದಲಿಸದಿದ್ದರೂ ದೋಷವಿಲ್ಲವೆಂದನು. ವಾಚಕರೆ, ಆ ಹುಡುಗ ವರಾಂಡದಲ್ಲಿ ನನ್ನನ್ನು ಕೇಳಿದ ಪ್ರಶ್ನೆಗೂ ಇದಕ್ಕೂ ಎಷ್ಟು ದೂರವಿದೆ? ನಡೆಯಿತೆ ಎಂದು ಅವನು ಕೇಳಿರಲಿಲ್ಲ. ಹ್ಯಾಗೆ ಕೂತು ಕೇಳಬೇಕು ಎಂದು ಕೇಳಿದ್ದ.

ಈಗ ನಮ್ಮ ಆಯಿಯ ಮಾತು. ನಮ್ಮ ಮನೆತನ ಮೂಲದಲ್ಲಿ ಈ ಊರಿನದಲ್ಲ, 1876ರ ಧಾತು ಬರದಲ್ಲಿ ಹಿರಿಯರು ಬಡಗಣ ಸೀಮೆಯಿಂದ ಒಂದೇ ಎತ್ತಿನೊಡನೆ ನಡೆದುಬಂದರು, ಎತ್ತು ನಮ್ಮ ಹಳ್ಳದ ದಂಡೆಯಲ್ಲಿ ಬಿದ್ದು ಸತ್ತಿತು, ಎತ್ತು ಬಿದ್ದಲ್ಲಿಯೇ ಅವರು ನೆಲಸಿದರು. ಇದು ಆಯಿ ನಮಗೆಲ್ಲ ಹೇಳಿದ ಕಥೆ. ಪ್ರತಿವರ್ಷ ರಾಶಿಯಾದ ಮೇಲೆ ಆಕೆ ಬೇರೊಂದು ಗಡಿಗೆಯಲ್ಲಿ ನಾಲ್ಕು ಸೇರು ಜೋಳವನ್ನು ಅಳೆದು ತೆಗೆದಿಡುತ್ತಿದ್ದಳು. ಅದು ದಾರಿಯವರ ಪಾಲು. ಮನೆಯಲ್ಲಿ ಕಾಳು ಮುಗಿದು ಕಡ ತಂದ ವರ್ಷವೂ ಆ ಗಡಿಗೆಗೆ ಯಾರೂ ಕೈಹಾಕುವಂತಿರಲಿಲ್ಲ. "ನಾವೂ ದಾರಿಯವರs ಇದ್ದಿವಿ" ಎನ್ನುವಳು. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಹಳೆಯ ಕಾಗದಪತ್ರ ಹುಡುಕುವ ಕಾಲ ಬಂದಿತು. 1976ರಲ್ಲಿ ನಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಮೋಡಿ ಲಿಪಿಯ ಒಂದು ಕಾಗದ ಸಿಕ್ಕಿತು. ಓದಬಲ್ಲ ವೃದ್ಧರೊಬ್ಬರಿಂದ ಓದಿಸಿದೆ. ಅದು 1862ರದು, ಅದರಲ್ಲಿ ನಮ್ಮ ಮುತ್ತಜ್ಜನ ತಂದೆಯ ಹೆಸರು ಇದೇ ಊರಿನ ಇದೇ ಹೊಲದ ಒಡೆಯನೆಂದು ಇತ್ತು. ಬರಕ್ಕೆ ಹದಿನಾಲ್ಕು ವರ್ಷ ಮುಂಚೆ! ನಾನು ಕಾಗದ ಹಿಡಿದುಕೊಂಡು, ಗೆದ್ದವನಂತೆ, ಆಯಿಯ ಮುಂದೆ ಹೋಗಿ ನಿಂತೆ. ಆಕೆ ಬೀಸುವುದನ್ನು ನಿಲ್ಲಿಸಲಿಲ್ಲ. "ಎತ್ತು ಸತ್ತದ್ದು ಖರೇ, ಹಸ್ತದ್ದು ಖರೇ. ನಿನ್ನ ಕಾಗದಕ್ಕ ಹಸಿವಿ ಗೊತ್ತದ ಏನ ತಮ್ಮಾ?" ಎಂದಳು. ಮುದುಕಿಯ ಹಟವೆಂದುಕೊಂಡೆ.

ಆಯಿ 1979ರಲ್ಲಿ ತೀರಿಕೊಂಡಳು. ಆಕೆಯ ತವರೂರಿಗೆ ಮದುವೆಯೊಂದಕ್ಕೆಂದು 1985ರಲ್ಲಿ ಹೋದಾಗ ಅಲ್ಲಿಯ ಹಿರಿಯರೊಬ್ಬರು ಎತ್ತಿನ ಕಥೆಯನ್ನು ತಾವಾಗಿಯೇ ಎತ್ತಿದರು. ಬರದಲ್ಲಿ ನಡೆದುಬಂದವಳು ಆಯಿಯ ತಾಯಿ. ಆಗ ಆಕೆ ಆರು ವರ್ಷದ ಹುಡುಗಿ. ಹೊರಟವರು ಒಂಬತ್ತು ಜನ, ಬಂದು ಮುಟ್ಟಿದವರು ಮೂವರು. ಎತ್ತು ಸತ್ತದ್ದು ಆ ಊರ ಹಳ್ಳದ ದಂಡೆಯಲ್ಲಿ. ಆಯಿ ಮದುವೆಯಾಗಿ ನಮ್ಮ ಮನೆಗೆ ಬಂದಾಗ ಕಥೆಯೂ ಆಕೆಯೊಡನೆ ಬಂದಿತು. ಎತ್ತು ನಮ್ಮ ಹಳ್ಳಕ್ಕೆ ಬಂದು ಬಿದ್ದಿತು. ಮುತ್ತಜ್ಜನಿಂದ ಮೊಮ್ಮಕ್ಕಳವರೆಗೆ ಇಡೀ ಮನೆತನವೇ ಬರದಲ್ಲಿ ನಡೆದು ಬಂದಂತಾಯಿತು. ನನ್ನ ಕಾಗದವೂ ಸುಳ್ಳಾಗಿರಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ನನ್ನ ಮನಸ್ಸು ಯೆರಿಕೋವಿನಲ್ಲಿತ್ತು. ಮುಂದೆ ಎಷ್ಟೋ ವರ್ಷಗಳ ಮೇಲೆ ಫ್ರೀಡ್‌ಮನ್ನರ ಲೇವಿಯರ ಊಹೆಯನ್ನು ಓದಿದಾಗ, ಇದನ್ನು ನಾನು ಬೀಸುಕಲ್ಲಿನ ಬಳಿ ಆಗಲೇ ಕೇಳಿದ್ದೆನೆಂದು ಅನ್ನಿಸಿತು.

ಧರ್ಮೋಪದೇಶಕಾಂಡದಲ್ಲಿ ಒಂದು ವಿಧಿಯಿದೆ. ಒಕ್ಕಲಿಗನು ಬೆಳೆಯ ಪ್ರಥಮಫಲವನ್ನು ಪುಟ್ಟಿಯಲ್ಲಿ ತಂದು ದೇವರ ಮುಂದಿಡುವಾಗ ತನ್ನ ಪೂರ್ವಕಥೆಯನ್ನು ಬಾಯಿಬಿಟ್ಟು ಹೇಳಬೇಕು: ತನ್ನ ಮೂಲಪಿತೃ ನೆಲೆಯಿಲ್ಲದ ಅಲೆಮಾರಿಯಾಗಿದ್ದನೆಂದು, ಐಗುಪ್ತಕ್ಕೆ ಇಳಿದುಹೋದಾಗ ಅವರು ಕೆಲವೇ ಜನರಿದ್ದರೆಂದು. ಆರು ಲಕ್ಷದ ಲೆಕ್ಕವನ್ನು ಬರೆದಿಟ್ಟ ಪರಂಪರೆಯೇ ಈ ಕೆಲವೇ ಜನರನ್ನೂ ಮರೆಯದೆ ಇಟ್ಟುಕೊಂಡಿದೆ. ಹೇಳಿ ಮುಗಿದ ಮೇಲೆ ಆ ಸಂತೋಷದಲ್ಲಿ ಪರದೇಶಿಯನ್ನೂ ಸೇರಿಸಿಕೊಳ್ಳಬೇಕು. ಮೂರನೆಯ ವರ್ಷದ ದಶಮಾಂಶವನ್ನು ಪರದೇಶಿಗೆ, ಅನಾಥನಿಗೆ, ವಿಧವೆಗೆ ಕೊಡಬೇಕು. ಈ ಅಧ್ಯಾಯವನ್ನು ನಾನು ಮೊದಲು ಓದಿದ್ದು 1974ಕ್ಕೆ ಬಹಳ ಮುಂಚೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಕಾಲನಿರ್ಣಯದ ಸಮಸ್ಯೆಯೊಂದೇ.

ಆ ಹುಡುಗನಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸಾಗಿರಬೇಕು. ಎಲ್ಲಿರುವನೋ ತಿಳಿಯದು.

ಗಡಿಗೆ ನಮ್ಮ ಮನೆಯಲ್ಲಿಯೇ ಇದೆ; ಕಂಠ ಒಡೆದಿದ್ದರಿಂದ ಸುತ್ತಲೂ ತಂತಿ ಬಿಗಿಸಿದ್ದೇನೆ. ಈ ವರ್ಷ ರಾಶಿಯಾದ ಮೇಲೆ ಜೋಳ ಅಳೆಯಲು ಮೊಮ್ಮಗಳು ಕುಳಿತಳು. "ಅಜ್ಜಾ, ದಾರಿಯವರಾಗಿ ಬಂದವರು ಯಾರು? ನಾವೇನು?" ಎಂದಳು. ನಾನು ಪಕ್ಕದಲ್ಲಿ ಕುಳಿತು ಆರು ವರ್ಷದ ಆ ಹುಡುಗಿಯ ಹೆಸರಿನಿಂದ ಆರಂಭಿಸಿದೆ. ಎತ್ತು ಯಾವ ಊರ ಹಳ್ಳದ ದಂಡೆಯಲ್ಲಿ ಬಿದ್ದಿತೆಂಬುದನ್ನು ಹೇಳಿದೆ. 1862ರ ಕಾಗದದ ಸಂಗತಿಯನ್ನೂ ಬಿಡಲಿಲ್ಲ. ಅವಳು ಕೇಳುತ್ತ ಕೇಳುತ್ತ ನಾಲ್ಕನೆಯ ಸೇರನ್ನು ಗಡಿಗೆಗೆ ಸುರಿದಳು.